ನಾಣ್ಯ ಪರೀಕ್ಷೆ, ಲೇಖನ ಪರೀಕ್ಷೆ

ಬೆಳ್ಳಿಯ ರೂಪಾಯಿ ನಡೆಯುತ್ತಿದ್ದ ಕಾಲದಲ್ಲಿ ಅಂಗಡಿಯವರು ಕೈಗೆ ಬಂದ ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿ ಅದರ ನಾದವನ್ನು ಕೇಳುತ್ತಿದ್ದರಂತೆ. ಖಣಿಲ್ ಎಂದರೆ ಸಾಚಾ, ಬೊದ್ದೆಂದರೆ ಖೋಟಾ. ನಾಣ್ಯವನ್ನು ಹೀಗೆ ಪರೀಕ್ಷಿಸುತ್ತಿದ್ದ ಜನರ ಮಕ್ಕಳೂ ಮೊಮ್ಮಕ್ಕಳೂ ಆದ ನಾವು ಅಚ್ಚಾದ ಮಾತನ್ನು ಮಾತ್ರ ಯಾವ ಕಲ್ಲಿಗೂ ಬಡಿಯದೆ ಜೇಬಿಗೆ ಹಾಕಿಕೊಳ್ಳುತ್ತೇವೆ. ‘ಪುಸ್ತಕದಲ್ಲಿದೆ’ ಎಂದರೆ ಮುಗಿಯಿತು; ಅದರಲ್ಲಿಯೂ ‘ವಿಶ್ವಕೋಶದಲ್ಲಿದೆ’ ಎಂದರೆ ಎರಡು ಮಾತಿಲ್ಲ. ವಿಶ್ವಕೋಶದ ಲೇಖನವೊಂದರ ಗುಣಾವಗುಣಗಳನ್ನು ಕಂಡುಕೊಳ್ಳುವುದು ಹೇಗೆ ಎಂಬುದನ್ನು ಒಂದು ಚಿಕ್ಕ ಉದಾಹರಣೆಯ ಮೂಲಕ ವಿವರಿಸುವುದು ಈ ಬರಹದ ಉದ್ದೇಶ. ಉದಾಹರಣೆ ನಮ್ಮ ಶಾಲೆಯದೇ. ಅದರಲ್ಲಿ ಮೊದಲು ಎಡವಿದವರು ನಾವೇ. ಸಂಬಂಧಪಟ್ಟ ಮನೆಯವರ ಒಪ್ಪಿಗೆ ಪಡೆದು, ಯಾರ ಹೆಸರನ್ನೂ ಹೇಳದೆ ಇದನ್ನು ಬರೆಯುತ್ತಿದ್ದೇವೆ.

ವಿಶ್ವಕೋಶ ಎಂದರೆ

ಲೋಕದ ತಿಳಿವಳಿಕೆಯನ್ನೆಲ್ಲ ಒಂದೆಡೆ ಕೂಡಿಸಿ, ಬೇಕಾದಾಗ ಬೇಕಾದುದು ಸಿಗುವಂತೆ ಜೋಡಿಸಿಡುವ ಗ್ರಂಥವೇ ವಿಶ್ವಕೋಶ. ಕನ್ನಡಕ್ಕೆ ಇದು ಹೊಸತಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ಚಾವುಂಡರಾಯನೆಂಬ ಕವಿ ಕೃಷಿ, ಅಡುಗೆ, ವೈದ್ಯ ಮೊದಲಾದ ಬಳಕೆಯ ವಿದ್ಯೆಗಳನ್ನು ‘ಲೋಕೋಪಕಾರ’ದಲ್ಲಿ ಕೂಡಿಸಿಟ್ಟನು. ನಮ್ಮ ಕರಾವಳಿಯವರೇ ಆದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು 1936ರಲ್ಲಿ ಹೊರತಂದರು. ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು, ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಹದಿನಾಲ್ಕು ಸಂಪುಟಗಳು ಆಮೇಲೆ ಬಂದವು. 2003ರಿಂದ ಅಂತರಜಾಲದಲ್ಲಿ ಕನ್ನಡ ವಿಕಿಪೀಡಿಯವೂ ಇದೆ. ಇದರಲ್ಲಿ ಯಾರು ಬೇಕಾದರೂ ಬರೆಯಬಹುದು, ಬರೆದುದನ್ನು ಯಾರು ಬೇಕಾದರೂ ತಿದ್ದಬಹುದು. ಆದುದರಿಂದ ಹಿಂದೆ ಸಂಪಾದಕ ಮಂಡಲಿ ಹೊರುತ್ತಿದ್ದ ಪರೀಕ್ಷೆಯ ಹೊಣೆಯಲ್ಲಿ ಒಂದು ಪಾಲು ಈಗ ಓದುಗನ ಹೆಗಲಿಗೂ ಬಂದಿದೆ.

ನಡೆದ ಸಂಗತಿ

ನಮ್ಮ ಶಾಲೆಯ ಕನ್ನಡ ಸಂಘದ ಮಕ್ಕಳು ‘ಕಿರು ವಿಶ್ವಕೋಶ’ ಎಂಬ ಕೈಬರಹದ ಪುಸ್ತಕವೊಂದನ್ನು ಮಾಡಲು ಹೊರಟರು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿರುವ ಒಂದು ಹಳೆಯ ವಸ್ತುವಿನ ಮೇಲೆ ಲೇಖನ ಬರೆಯಬೇಕೆಂದು ಹೇಳಿದೆವು. ಕಳಸಿಗೆ, ಸೇರು, ತಾಳೆಗರಿ, ಪಡಸಾಲೆಯ ಗಡಿಯಾರ ಹೀಗೆ ಲೇಖನಗಳು ಬಂದವು. ಎಂಟನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ ತನ್ನ ಅಜ್ಜಿಯ ಮುಡಿಪಿನ ಡಬ್ಬಿಯಲ್ಲಿದ್ದ, ಗಾಂಧೀಜಿಯವರ ಮುಖವುಳ್ಳ ಹಳದಿ ಬಣ್ಣದ 20 ಪೈಸೆಯ ನಾಣ್ಯವನ್ನು ಆರಿಸಿಕೊಂಡಳು. ಅವಳು ಬರೆದ ಲೇಖನ ಇಷ್ಟು. ಮುಂದಿನ ಚರ್ಚೆಗೆ ಅನುಕೂಲವಾಗಲೆಂದು ವಾಕ್ಯಗಳಿಗೆ ಅಂಕಿಗಳನ್ನು ನಾವು ಹಾಕಿದ್ದೇವೆ.

“(1) ಗಾಂಧಿ ನಾಣ್ಯವು ಮಹಾತ್ಮರು ತೀರಿಕೊಂಡ 1948ರಲ್ಲಿ ಅವರ ನೆನಪಿಗಾಗಿ ಹೊರಟ 20 ಪೈಸೆಯ ನಾಣ್ಯ. (2) ಇದನ್ನು ರಿಸರ್ವ್ ಬ್ಯಾಂಕು ಅಚ್ಚು ಹಾಕಿತು. (3) ಇದರ ಒಂದು ಬದಿಯಲ್ಲಿ ಗಾಂಧೀಜಿಯವರ ಮುಖವೂ 1869–1948 ಎಂಬ ಅಂಕಿಗಳೂ, ಹಿನ್ನೆಲೆಯಲ್ಲಿ ಸೇವಾಗ್ರಾಮದ ಆಶ್ರಮವೂ ಇವೆ. ಇನ್ನೊಂದು ಬದಿಯಲ್ಲಿ ಅಶೋಕಸ್ತಂಭದ ಸಿಂಹಗಳಿವೆ. (4) ಇದರಲ್ಲಿ ಸ್ವಲ್ಪ ಚಿನ್ನ ಬೆರೆತಿರುವುದರಿಂದ ಹಳದಿಯಾಗಿ ಹೊಳೆಯುತ್ತದೆ. (5) ಇದು ಸ್ವತಂತ್ರ ಭಾರತದ ಮೊತ್ತಮೊದಲ ಸ್ಮಾರಕ ನಾಣ್ಯ. (6) ಅತ್ಯಂತ ಅಪರೂಪದ ಈ ನಾಣ್ಯಕ್ಕೆ ಈಗ ಲಕ್ಷಗಟ್ಟಲೆ ರೂಪಾಯಿ ಬೆಲೆ ಇದೆ ಎಂದು ಹೇಳುತ್ತಾರೆ.”

ಅವಳು ‘ಸ್ಥಂಭ’ ಎಂದು ಬರೆದಿದ್ದಳು. ನಾವು ಕೆಂಪು ಶಾಯಿಯಲ್ಲಿ ಅದನ್ನು ‘ಸ್ತಂಭ’ ಎಂದು ತಿದ್ದಿದೆವು. ಕೆಳಗೆ ‘ಬರವಣಿಗೆ ಅಂದವಾಗಿದೆ, ಉತ್ತಮ’ ಎಂದು ಷರಾ ಬರೆದು ಹತ್ತಕ್ಕೆ ಎಂಟು ಅಂಕ ಕೊಟ್ಟೆವು.

ಮೂರು ವಾರಗಳ ಮೇಲೆ ಆ ಹುಡುಗಿಯ ತಂದೆ ಶಾಲೆಗೆ ಬಂದರು. ಅಡಕೆ ತೋಟಗಳಲ್ಲಿ ಕೂಲಿ ಕೆಲಸ ಮಾಡುವವರು. ಯಾರೋ ಅಪರಿಚಿತರು ಫೋನಿನಲ್ಲಿ ಆ ನಾಣ್ಯಕ್ಕೆ ಐದು ಲಕ್ಷ ರೂಪಾಯಿ ಕೊಡುವುದಾಗಿ ಹೇಳಿ, ನೋಂದಣಿ ಶುಲ್ಕವೆಂದು 800 ರೂಪಾಯಿಗಳನ್ನು ಆಗಲೇ ಪಡೆದಿದ್ದರು. ಈಗ ತೆರಿಗೆಯೆಂದು 4,500 ರೂಪಾಯಿ ಕಳುಹಿಸಬೇಕಂತೆ. ಸಂಘದಿಂದ ಸಾಲ ಎತ್ತುವುದಕ್ಕೆ ಒಂದು ಅರ್ಜಿ ಬರೆದುಕೊಡಿ ಎಂದು ಕೇಳಲು ಅವರು ಬಂದಿದ್ದರು. ಇಷ್ಟು ದೊಡ್ಡ ಮಾತನ್ನು ಹೇಗೆ ನಂಬಿದಿರಿ ಎಂದು ನಾವು ಕೇಳಿದಾಗ ಅವರು ಮಗಳ ನೋಟುಪುಸ್ತಕವನ್ನು ಬಿಡಿಸಿ ತೋರಿಸಿದರು. “ಮಗಳು ಬರೆದದ್ದಕ್ಕೆ ನೀವೇ ಸರಿ ಹಾಕಿದ್ದೀರಲ್ಲ ಮಾಷ್ಟ್ರೇ, ಅದಕ್ಕೇ ಧೈರ್ಯ ಬಂತು” ಎಂದರು.

ನಮ್ಮ ಕೆಂಪು ಶಾಯಿ ಒತ್ತಕ್ಷರವನ್ನು ತಿದ್ದಿತ್ತು, ಸುಳ್ಳನ್ನು ಹಾಗೆಯೇ ಬಿಟ್ಟಿತ್ತು. ಆ ದಿನ ಅರ್ಜಿ ಬರೆಯಲಿಲ್ಲ. ಮರುದಿನ ಆ ಲೇಖನವನ್ನು ಕರಿಹಲಗೆಯ ಮೇಲೆ ಬರೆದು, ಹುಡುಗಿಯ ಒಪ್ಪಿಗೆ ಕೇಳಿ, ತರಗತಿಯವರೆಲ್ಲ ಸೇರಿ ಪರೀಕ್ಷೆಗೆ ತೊಡಗಿದೆವು. ತಪ್ಪು ಅವಳೊಬ್ಬಳದಲ್ಲ, ಅದಕ್ಕೆ ಸರಿ ಹಾಕಿದ ನಮ್ಮದು ಎಂದು ಮೊದಲೇ ಹೇಳಿಬಿಟ್ಟೆವು.

ಮೊದಲನೆಯ ಪರೀಕ್ಷೆ: ಕಾಲ

ನಾಣ್ಯದ ಮೇಲೆ 1948 ಎಂದು ಇರುವುದು ನಿಜ. ಆದರೆ ಅದು ಯಾವುದರ ವರ್ಷ? ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯಂತೆ ನಾಣ್ಯವನ್ನೇ ಸಾಕ್ಷಿ ಕರೆದೆವು.

ನಾಣ್ಯದ ಮೇಲೆ ಅಶೋಕನ ಸಿಂಹಗಳಿವೆ. ಸ್ವಾತಂತ್ರ್ಯ ಬಂದ ಮೇಲೂ ಕೆಲವು ಕಾಲ ಬ್ರಿಟಿಷ್ ದೊರೆಯ ಮುದ್ರೆಯ ನಾಣ್ಯಗಳೇ ನಡೆಯುತ್ತಿದ್ದವು. ಸಿಂಹಮುದ್ರೆಯ ನಾಣ್ಯಗಳು ಬಂದದ್ದು 1950ರಲ್ಲಿ. ಎಂದ ಮೇಲೆ ಇದು 1950ಕ್ಕಿಂತ ಹಿಂದಿನದಾಗಲಾರದು.

ನಾಣ್ಯದ ಮೇಲೆ ‘20 ಪೈಸೆ’ ಎಂದಿದೆ. 1957ರ ಏಪ್ರಿಲ್ 1ರ ವರೆಗೆ ನಮ್ಮಲ್ಲಿ ಇದ್ದುದು ಆಣೆಯ ಲೆಕ್ಕ. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಎಂದರೆ ರೂಪಾಯಿಗೆ 64 ಪೈಸೆ. ಆ ಲೆಕ್ಕದಲ್ಲಿ 20 ಪೈಸೆ ಎಂದರೆ ಐದಾಣೆಯಾಗುತ್ತದೆ. ಎರಡಾಣೆ, ಪಾವಲಿ, ಎಂಟಾಣೆಗಳನ್ನು ಕಂಡವರಿದ್ದಾರೆ. ಐದಾಣೆಯ ನಾಣ್ಯವನ್ನು ಕಂಡವರಿಲ್ಲ. ರೂಪಾಯಿಗೆ ನೂರು ಪೈಸೆ ಎಂಬ ದಶಮಾಂಶ ಪದ್ಧತಿ ಬಂದ ಮೇಲೆಯೇ 20 ಪೈಸೆಗೆ ಅರ್ಥ. ಎಂದ ಮೇಲೆ ಇದು 1957ಕ್ಕಿಂತ ಹಿಂದಿನದೂ ಅಲ್ಲ.

ಇನ್ನೂ ಒಂದು ಮೆಟ್ಟಿಲಿದೆ. ಹೊಸ ಪೈಸೆಯನ್ನು ಹಳೆಯ ಪೈಸೆಯಿಂದ ಬೇರ್ಪಡಿಸಲು ಆರಂಭದ ನಾಣ್ಯಗಳ ಮೇಲೆ ‘ನಯಾ ಪೈಸಾ’, ‘ನಯೇ ಪೈಸೆ’ ಎಂದು ಅಚ್ಚಿಸುತ್ತಿದ್ದರು. ‘ಕೈಯಲ್ಲಿ ಒಂದು ನಯಾಪೈಸೆ ಇಲ್ಲ’ ಎಂದು ನಾವು ಇಂದಿಗೂ ಆಡುವ ಮಾತಿನಲ್ಲಿ ಆ ನಾಣ್ಯ ಇನ್ನೂ ಉಳಿದುಕೊಂಡಿದೆ. 1964ರ ಜೂನ್ 1ರಿಂದ ಆ ‘ನಯಾ’ ಎಂಬ ವಿಶೇಷಣವನ್ನು ಬಿಟ್ಟರು. ನಮ್ಮ ಗಾಂಧಿ ನಾಣ್ಯದ ಮೇಲೆ ಬರಿಯ ‘ಪೈಸೆ’ ಎಂದೇ ಇದೆ. ಎಂದ ಮೇಲೆ ಇದು 1964ರ ಈಚಿನದು.

ಇಷ್ಟಾಗುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “1869ಕ್ಕೆ ನೂರು ಕೂಡಿಸಿದರೆ 1969” ಎಂದ. ಸರಿಯಾದ ಉತ್ತರ. ಗಾಂಧೀಜಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಹುತಾತ್ಮರಾದದ್ದು 1948ರ ಜನವರಿ 30ರಂದು. ಅವರ ಜನ್ಮಶತಾಬ್ದಿಯ 1969ರಲ್ಲಿ ಭಾರತ ಸರಕಾರ ಈ ನಾಣ್ಯಗಳನ್ನು ಹೊರಡಿಸಿತು. ನಾಣ್ಯದ ಮೇಲಿರುವುದು ಮಹಾತ್ಮರ ಜನನ ಮರಣಗಳ ವರ್ಷಗಳು. ನಾಣ್ಯದ ಸ್ವಂತ ಹುಟ್ಟಿದ ವರ್ಷವನ್ನು ಅದರ ಮೇಲೆ ಬರೆದೇ ಇಲ್ಲ. ತಪ್ಪಿಗೆ ಬೀಜ ಬಿದ್ದುದು ಇಲ್ಲಿ.

ಆ ಸಂಜೆ ನಾಲ್ಕಾರು ಮಕ್ಕಳೊಡನೆ ಹುಡುಗಿಯ ಮನೆಗೆ ಹೋದೆವು. ಅಜ್ಜಿ ಜಗಲಿಯಲ್ಲಿ ಕುಳಿತಿದ್ದರು. ನಾಣ್ಯದ ಮಾತೆತ್ತಿದೊಡನೆ, “ಅದು ನನ್ನ ಮದುವೆ ಕಳೆದ ಮೇಲೆ ಬಂದ ಕಾಸು ಮಕ್ಕಳೇ. ಬೀಡಿಯ ಮಜೂರಿಯಲ್ಲಿ ಸಿಕ್ಕಿತ್ತು. ಗಾಂಧಿಯಜ್ಜನ ಮುಖ ಇದೆ ಅಂತ ಖರ್ಚು ಮಾಡದೆ ಮುಡಿಪಿಗೆ ಹಾಕಿದೆ” ಎಂದರು. ಅಜ್ಜಿ ಹುಟ್ಟಿದ್ದೇ 1948ರ ಸುಮಾರಿಗೆ! ಮನೆಯೊಳಗಿದ್ದ ಈ ಸಾಕ್ಷಿಯನ್ನು ಯಾರೂ ಕರೆದಿರಲಿಲ್ಲ.

ಎರಡನೆಯ ಪರೀಕ್ಷೆ: ಯಾರು, ಏನು, ಎಂಥದು

ಎರಡನೆಯ ವಾಕ್ಯ ನೋಟಿಗೂ ನಾಣ್ಯಕ್ಕೂ ಇರುವ ಭೇದವನ್ನು ಮರೆತಿದೆ. ನಾಣ್ಯ ಅಚ್ಚು ಹಾಕುವ ಅಧಿಕಾರ ಭಾರತ ಸರಕಾರದ್ದು. ಅದಕ್ಕಾಗಿ ಸರಕಾರದ ಟಂಕಸಾಲೆಗಳಿವೆ. ರಿಸರ್ವ್ ಬ್ಯಾಂಕು ಆ ನಾಣ್ಯಗಳನ್ನು ಪಡೆದು ಚಲಾವಣೆಗೆ ಬಿಡುತ್ತದೆ.

ಮೂರನೆಯ ವಾಕ್ಯದ ಸೇವಾಗ್ರಾಮದ ಮಾತನ್ನು ಓದಿ, ನಾಣ್ಯವನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ನೋಡಿದರು. ಆಶ್ರಮ ಎಲ್ಲಿಯೂ ಕಾಣಲಿಲ್ಲ. ಅದೇ ಶತಾಬ್ದಿಯ ನೆನಪಿಗೆ 1969ರಲ್ಲಿ ಹೊರಟ ನೋಟುಗಳ ಮೇಲೆ ಗಾಂಧೀಜಿ ಕುಳಿತಿರುವ ಚಿತ್ರವೂ ಹಿಂದುಗಡೆ ಸೇವಾಗ್ರಾಮದ ಆಶ್ರಮವೂ ಇತ್ತು. ಪಕ್ಕದ ತೋಟದ ಅಡಕೆ ಹಾರಿ ನಮ್ಮ ಅಂಗಳಕ್ಕೆ ಬಿದ್ದಂತೆ, ನೋಟಿನ ವರ್ಣನೆ ನಾಣ್ಯದ ಲೇಖನದೊಳಕ್ಕೆ ಬಂದಿತ್ತು. ವಸ್ತು ಕೈಯಲ್ಲಿರುವಾಗ ಅದನ್ನು ನೋಡಿ ಬರೆಯಬೇಕೇ ಹೊರತು ಅದರ ಬಗ್ಗೆ ಓದಿ ಬರೆಯಬಾರದು.

ನಾಲ್ಕನೆಯದು ಚಿನ್ನದ ಮಾತು. ಬೆಳ್ಳಗಿದ್ದುದೆಲ್ಲ ಹಾಲಲ್ಲ, ಹಳದಿಯಾದುದೆಲ್ಲ ಚಿನ್ನವೂ ಅಲ್ಲ. ಈ ನಾಣ್ಯದ ಲೋಹ ಅಲ್ಯುಮಿನಿಯಂ ಕಂಚು, ಎಂದರೆ ಬಹುಪಾಲು ತಾಮ್ರ, ಅದಕ್ಕೆ ಬೆರೆತ ಅಲ್ಯುಮಿನಿಯಂ. ಈ ಬೆರಕೆಯ ಬಣ್ಣವೇ ಹೊಂಬಣ್ಣ. ಲೋಹಶಾಸ್ತ್ರ ತಿಳಿಯದವರೂ ಒಂದು ಪ್ರಶ್ನೆ ಕೇಳಿಕೊಳ್ಳಬಹುದಿತ್ತು. 20 ಪೈಸೆಯ ನಾಣ್ಯದೊಳಗೆ 20 ಪೈಸೆಗಿಂತ ಹೆಚ್ಚು ಬೆಲೆಯ ಚಿನ್ನವಿದ್ದರೆ ಅದು ಪೇಟೆಯಲ್ಲಿ ಎಷ್ಟು ದಿನ ಉಳಿಯುತ್ತಿತ್ತು? ಮರುದಿನವೇ ಅಕ್ಕಸಾಲಿಗನ ಮೂಸೆ ಸೇರುತ್ತಿತ್ತಲ್ಲವೇ?

ಐದನೆಯ ವಾಕ್ಯವೂ ನಿಲ್ಲುವುದಿಲ್ಲ. ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯಗಳು ಜವಾಹರಲಾಲ್ ನೆಹರೂ ಅವರ ನೆನಪಿಗೆ 1964ರಲ್ಲಿ ಹೊರಟ ಒಂದು ರೂಪಾಯಿ ಮತ್ತು 50 ಪೈಸೆಯವು. ‘ಮೊತ್ತಮೊದಲ’, ‘ಏಕೈಕ’, ‘ಅತ್ಯಂತ’ ಇಂಥ ಪದಗಳು ಬಂದಲ್ಲಿ ಓದುಗನು ಸ್ವಲ್ಪ ನಿಲ್ಲಬೇಕು. ಒಂದು ವಿಷಯವನ್ನು ಮೊದಲನೆಯದೆಂದು ಹೇಳಲು ಅದಕ್ಕಿಂತ ಹಿಂದಿನದನ್ನೆಲ್ಲ ನೋಡಿರಬೇಕಾಗುತ್ತದೆ.

ಮೂರನೆಯ ಪರೀಕ್ಷೆ: ಬಿಟ್ಟುಹೋದುದು

ಇದ್ದುದರಲ್ಲಿ ತಪ್ಪು ಹುಡುಕುವುದು ಸುಲಭ. ಇಲ್ಲದುದನ್ನು ಕಾಣುವುದು ಕಷ್ಟ. ಲೇಖನದ ಹೆಸರು ‘ಗಾಂಧಿ ನಾಣ್ಯ’. ಆದರೆ ಶತಾಬ್ದಿಗೆ ಹೊರಟದ್ದು 20 ಪೈಸೆಯೊಂದೇ ಅಲ್ಲ. 50 ಪೈಸೆ ಮತ್ತು ಒಂದು ರೂಪಾಯಿಯ ನಾಣ್ಯಗಳು ನಿಕಲ್ಲಿನವು. ಹತ್ತು ರೂಪಾಯಿಯದು ನೂರಕ್ಕೆ 80 ಪಾಲು ಬೆಳ್ಳಿಯದು. ತೂಕ 15 ಗ್ರಾಂ. ಹಾಗಾದರೆ ಅದರಲ್ಲಿ ಬೆಳ್ಳಿಯೆಷ್ಟು ಎಂದು ಕೇಳಿದಾಗ ಮಕ್ಕಳೇ ಲೆಕ್ಕ ಹಾಕಿ 12 ಗ್ರಾಂ ಎಂದರು. ನಾಲ್ವರು ಅಣ್ಣತಮ್ಮಂದಿರಲ್ಲಿ ಒಬ್ಬನ ಬಗ್ಗೆ ಮಾತ್ರ ಬರೆದು ಅದನ್ನು ಕುಟುಂಬದ ಕಥೆ ಎಂದು ಕರೆದಂತಾಗಿತ್ತು ಈ ಲೇಖನ.

20 ಪೈಸೆಯ ಈಗಿನ ಸ್ಥಿತಿಯೂ ಬಿಟ್ಟುಹೋಗಿತ್ತು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆಯನ್ನು 2011ರ ಜೂನ್ 30ರಿಂದ ಸರಕಾರ ನಿಲ್ಲಿಸಿದೆ. ಅಜ್ಜಿಯ ನಾಣ್ಯದಿಂದ ಇಂದು ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಕೊಳ್ಳುವಂತಿಲ್ಲ.

ನಾಲ್ಕನೆಯ ಪರೀಕ್ಷೆ: ಭಾಷೆ

ಆರನೆಯ ವಾಕ್ಯವನ್ನು ವ್ಯಾಕರಣದ ತರಗತಿಯಂತೆ ಬಿಡಿಸಿದೆವು. ‘ಹೇಳುತ್ತಾರೆ’ ಎಂಬುದು ಕ್ರಿಯಾಪದ. ಕರ್ತೃಪದ ಯಾವುದು? ಇಲ್ಲ. ಆಡುಮಾತಿನಲ್ಲಿ ಇದು ನಡೆಯುತ್ತದೆ, ವಿಶ್ವಕೋಶದಲ್ಲಿ ನಡೆಯದು. ಯಾರು ಹೇಳುತ್ತಾರೆ, ಎಲ್ಲಿ ಹೇಳಿದ್ದಾರೆ, ಅವರಿಗೆ ಹೇಗೆ ತಿಳಿಯಿತು ಎಂಬುದು ಸಿಗಬೇಕು. ಕರ್ತೃವಿಲ್ಲದ ಈ ಒಂದು ಕ್ರಿಯಾಪದಕ್ಕೆ ಆ ಬಡ ಕುಟುಂಬ 800 ರೂಪಾಯಿ ತೆತ್ತಿತ್ತು.

‘ಅತ್ಯಂತ ಅಪರೂಪ’ ಎಂಬುದಕ್ಕೂ ಆಧಾರವಿಲ್ಲ. 20 ಪೈಸೆಯ ಗಾಂಧಿ ನಾಣ್ಯ ಪೆಟ್ಟಿಗೆಯಲ್ಲಿಡಲೆಂದು ಮಾಡಿದ್ದಲ್ಲ. ಜನರ ದಿನನಿತ್ಯದ ಕೊಡುಕೊಳ್ಳುವಿಕೆಗೆಂದು ಅಚ್ಚಾದದ್ದು. ಆದುದರಿಂದಲೇ ಅದು ಬೀಡಿ ಕಟ್ಟುವ ಹೆಣ್ಣುಮಗಳ ಮಜೂರಿಯಲ್ಲಿಯೂ ಬಂತು. ಹಳೆಯದೆಲ್ಲ ಅಪರೂಪವಲ್ಲ. ಇನ್ನು ಬೆಲೆಯ ವಿಷಯ. ಬೆಲೆ ಇಂದಿನದು ನಾಳೆಗಿಲ್ಲ. ವಿಶ್ವಕೋಶ ಲೋಹವನ್ನೂ ತೂಕವನ್ನೂ ಹೇಳಬೇಕು. ಬೆಲೆ ಹೇಳಲೇಬೇಕಾದರೆ ಯಾವ ದಿನ, ಎಲ್ಲಿ, ಎಂಥ ಸ್ಥಿತಿಯ ನಾಣ್ಯಕ್ಕೆ ಎಂಬುದನ್ನು ಜೊತೆಗೇ ಹೇಳಬೇಕು.

ಐದನೆಯ ಪರೀಕ್ಷೆ: ಆಧಾರ

“ಇದನ್ನೆಲ್ಲ ಎಲ್ಲಿಂದ ಬರೆದೆ ಮಗಳೇ?” ಎಂದು ಕೇಳಿದೆವು. “ಮೂರು ಕಡೆ ನೋಡಿದ್ದೇನೆ ಸಾರ್, ಒಂದು ಇಂಗ್ಲಿಷಿನದು, ಒಂದು ಮಲಯಾಳದ್ದು, ಒಂದು ಕನ್ನಡದ್ದು. ಮೂರರಲ್ಲೂ ಹೀಗೇ ಇತ್ತು” ಎಂದಳು. ಹುಡುಗಿ ಸೋಮಾರಿಯಾಗಿರಲಿಲ್ಲ, ಮೂರು ಭಾಷೆಗಳಲ್ಲಿ ಓದಿದ್ದಳು. ನಮ್ಮ ಕಾಸರಗೋಡಿನಂಥ ಗಡಿನಾಡಿನ ಮಕ್ಕಳಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದರ ವಾಕ್ಯಗಳೇ ಅದೇ ಸಾಲಿನಲ್ಲಿ ಉಳಿದೆರಡಕ್ಕೂ ಅನುವಾದವಾಗಿದ್ದವು. ಸೇವಾಗ್ರಾಮದ ತಪ್ಪು ಮೂರರಲ್ಲಿಯೂ ಅದೇ ಜಾಗದಲ್ಲಿತ್ತು. ಒಬ್ಬನೇ ಸಾಕ್ಷಿ ಮೂರು ಅಂಗಿ ತೊಟ್ಟು ಮೂರು ಸಲ ಕಟೆಕಟೆ ಹತ್ತಿದರೆ ಮೂವರು ಸಾಕ್ಷಿಗಳಾಗುವುದಿಲ್ಲ. ಎರಡು ಬರಹಗಳು ಒಂದೇ ವಿಚಿತ್ರವಾದ ತಪ್ಪನ್ನು ಮಾಡಿದ್ದರೆ ಒಂದು ಇನ್ನೊಂದರ ನಕಲೆಂದು ಅನುಮಾನಿಸಬೇಕು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಅಧ್ಯಾಪಕರಿಗೆ ಈ ಸತ್ಯ ಚೆನ್ನಾಗಿ ಗೊತ್ತು!

ಗುಣವನ್ನೂ ಹೇಳಬೇಕು

ವಿಮರ್ಶೆ ಎಂದರೆ ಬರಿಯ ದೋಷಾನ್ವೇಷಣೆಯಲ್ಲ. ಈ ಲೇಖನದಲ್ಲಿ ಒಳ್ಳೆಯದೂ ಇತ್ತು. ಮೊದಲ ವಾಕ್ಯದಲ್ಲಿಯೇ ವಸ್ತು ಏನೆಂದು ಹೇಳಿತ್ತು. ನಾಣ್ಯದ ಎರಡು ಬದಿಗಳನ್ನು ಬೇರೆ ಬೇರೆಯಾಗಿ ವರ್ಣಿಸಿತ್ತು. ನಾಣ್ಯದ ಮೇಲಿನ ಅಂಕಿಗಳನ್ನು ಇದ್ದಂತೆಯೇ ಕೊಟ್ಟಿತ್ತು. ಆ ಅಂಕಿಗಳನ್ನು ಕೊಟ್ಟದ್ದರಿಂದಲೇ ನಾವು ತಪ್ಪನ್ನು ಹಿಡಿಯುವುದು ಸಾಧ್ಯವಾಯಿತು. ಇದನ್ನು ಕೇಳಿದ ಮೇಲೆ, ತಲೆ ತಗ್ಗಿಸಿ ಕುಳಿತಿದ್ದ ಹುಡುಗಿ ತಾನೇ ಪೆನ್ನು ಹಿಡಿದಳು. ಅವಳು ತಿದ್ದಿ ಬರೆದ ಲೇಖನ ಇದು:

“ಗಾಂಧಿ ಶತಾಬ್ದಿ ನಾಣ್ಯಗಳು: ಮಹಾತ್ಮಾ ಗಾಂಧಿಯವರ ಜನ್ಮಶತಾಬ್ದಿಯ ನೆನಪಿಗೆ ಭಾರತ ಸರಕಾರ 1969ರಲ್ಲಿ ಹೊರಡಿಸಿದ ನಾಲ್ಕು ನಾಣ್ಯಗಳು. 20 ಪೈಸೆಯದು ಅಲ್ಯುಮಿನಿಯಂ ಕಂಚಿನದು. 50 ಪೈಸೆ ಮತ್ತು 1 ರೂಪಾಯಿಯವು ನಿಕಲ್ಲಿನವು. 10 ರೂಪಾಯಿಯದು ಶೇಕಡಾ 80 ಬೆಳ್ಳಿಯದು. ಒಂದು ಬದಿಯಲ್ಲಿ ಗಾಂಧೀಜಿಯವರ ಮುಖವೂ ಅವರ ಜನನ ಮರಣದ ವರ್ಷಗಳಾದ 1869–1948 ಎಂಬುದೂ ಇವೆ. ಇನ್ನೊಂದು ಬದಿಯಲ್ಲಿ ಅಶೋಕನ ಸಿಂಹಗಳೂ ಮುಖಬೆಲೆಯೂ ಇವೆ. ಹೊರಟ ವರ್ಷವನ್ನು ನಾಣ್ಯದ ಮೇಲೆ ಬರೆದಿಲ್ಲವಾದುದರಿಂದ ಇದನ್ನು 1948ರದೆಂದು ತಪ್ಪಾಗಿ ತಿಳಿಯುವುದುಂಟು. ಇದಕ್ಕೆ ಮೊದಲು 1964ರಲ್ಲಿ ನೆಹರೂ ಸ್ಮಾರಕ ನಾಣ್ಯಗಳು ಹೊರಟಿದ್ದವು. 20 ಪೈಸೆಯ ನಾಣ್ಯ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ.”

ಮೊದಲಿನದಕ್ಕಿಂತ ಇದರಲ್ಲಿ ಅಲಂಕಾರ ಕಡಿಮೆ, ತೂಕ ಹೆಚ್ಚು.

ವಿದ್ಯಾರ್ಥಿಗಳಿಗೆ

ಪ್ರಿಯ ವಿದ್ಯಾರ್ಥಿಗಳೇ, ಯಾವ ವಿಶ್ವಕೋಶದ ಯಾವ ಲೇಖನವನ್ನು ಓದುವಾಗಲೂ ಈ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಹೇಳಿದ ಕಾಲ ಉಳಿದ ಸಂಗತಿಗಳೊಡನೆ ಹೊಂದುತ್ತದೆಯೇ? ವಸ್ತುವಿನ ವರ್ಣನೆ ವಸ್ತುವಿನಲ್ಲಿಯೇ ಕಾಣುತ್ತದೆಯೇ? ಹೇಳಬೇಕಾದುದು ಯಾವುದಾದರೂ ಬಿಟ್ಟುಹೋಗಿದೆಯೇ? ಹೊಗಳಿಕೆಯ ಪದಗಳನ್ನು ತೆಗೆದುಹಾಕಿದರೆ ಉಳಿಯುವುದೇನು? ಆಧಾರಗಳು ನಿಜವಾಗಿ ಬೇರೆ ಬೇರೆಯೇ, ಅಥವಾ ಒಂದರ ನೆರಳೇ? ತಪ್ಪು ಕಂಡರೆ ನಕ್ಕು ಸುಮ್ಮನಾಗದೆ, ತಿದ್ದಲು ಅವಕಾಶವಿರುವಲ್ಲಿ ಆಧಾರ ಕೊಟ್ಟು ತಿದ್ದಿರಿ. ನಿಮ್ಮ ಬಳಿಕ ಓದುವವನು ಇನ್ನೊಬ್ಬ ಅಜ್ಜಿಯ ಮೊಮ್ಮಗನಾಗಿರಬಹುದು.

ಹೆತ್ತವರಲ್ಲಿ ಒಂದು ಮಾತು

ಹಳೆಯ ನೋಟು ನಾಣ್ಯಗಳನ್ನು ಕೊಳ್ಳುವುದಾಗಿ ಹೇಳಿ, ರಿಸರ್ವ್ ಬ್ಯಾಂಕಿನ ಹೆಸರನ್ನೂ ಚಿಹ್ನೆಯನ್ನೂ ಬಳಸಿ, ಶುಲ್ಕ, ಕಮಿಷನ್, ತೆರಿಗೆ ಎಂದು ಹಣ ಕೀಳುವವರಿದ್ದಾರೆಂದು ಆ ಬ್ಯಾಂಕೇ 2021ರ ಆಗಸ್ಟ್ 4ರಂದು ಸಾರ್ವಜನಿಕರನ್ನು ಎಚ್ಚರಿಸಿದೆ. ತಾನು ಅಂಥ ವ್ಯವಹಾರ ಮಾಡುವುದಿಲ್ಲ, ಅಂಥ ಶುಲ್ಕ ಕೇಳುವುದೂ ಇಲ್ಲ ಎಂದು ಸ್ಪಷ್ಟಪಡಿಸಿದೆ. ನಿಜವಾಗಿ ಕೊಳ್ಳುವವನು ಹಣ ಕೊಡುತ್ತಾನೆ. ಹಣ ಕೇಳುವವನು ಕೊಳ್ಳುವವನಲ್ಲ. ಹಣ ಕೈಬಿಟ್ಟು ಹೋದರೆ ನಾಚಿಕೆಪಟ್ಟು ಮುಚ್ಚಿಡದೆ ತಡಮಾಡದೆ 1930 ಎಂಬ ಸರಕಾರದ ಸಹಾಯವಾಣಿಗೆ ತಿಳಿಸಬೇಕು.

ಆ ಮನೆಯವರ 800 ರೂಪಾಯಿ ಮರಳಿ ಬರಲಿಲ್ಲ. 4,500 ಹೋಗದೆ ಉಳಿಯಿತು. ನಾವು ಅಂದಿನಿಂದ ಮಕ್ಕಳ ಲೇಖನಗಳಿಗೆ ಭಾಷೆಗೊಂದು, ವಿಷಯಕ್ಕೊಂದು ಎಂದು ಎರಡು ಕಡೆ ಅಂಕ ಹಾಕುತ್ತಿದ್ದೇವೆ. ವಿಷಯವನ್ನು ನೋಡದೆ ‘ಉತ್ತಮ’ ಎಂದು ಬರೆಯುವುದಿಲ್ಲ. ನಾಣ್ಯ ಅಜ್ಜಿಯ ಮುಡಿಪಿನ ಡಬ್ಬಿಗೆ ಮರಳಿದೆ. ಹೊರಡುವಾಗ ನಾವು ಅಜ್ಜಿಯೊಡನೆ, “ಇದೆಲ್ಲ ನಿಮಗೆ ಮೊದಲೇ ಗೊತ್ತಿತ್ತಲ್ಲ, ಹೇಳಬಾರದಿತ್ತೇ?” ಎಂದೆವು. ಅಜ್ಜಿ ನಕ್ಕು, “ನನ್ನಲ್ಲಿ ಯಾರು ಕೇಳಿದ್ದಾರೆ ಮಾಷ್ಟ್ರೇ?” ಎಂದರು.